ಜಪಾನಿನಲ್ಲಿ ಮೂರು ವರ್ಷ: ಉಂಡದ್ದು, ಕಂಡದ್ದು

ಜಪಾನಿಗೆ ಹೋಗಿ ಬಂದವನೆಂದು ತಿಳಿದ ಕೂಡಲೇ ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕ ಏನ್ ಮಾಡಿದ್ರಿ?" ವೇಗದ ರೈಲು, ಫ್ಯೂಜಿ ಪರ್ವತ, ಚೆರಿ ಹೂವು, ಇವೆಲ್ಲ ಆಮೇಲಿನ ಮಾತು. ಕೇಳುವುದು ಸರಿಯೇ. ನಮ್ಮಂಥ ಮನೆತನಗಳಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳಿಸುವಾಗ ತಾಯಿಗೆ ಮೊದಲು ನೆನಪಾಗುವುದು ಖರ್ಚಲ್ಲ, ತಾಟು.

ಈ ಪ್ರಶ್ನೆ ಈಗ ನಮ್ಮ ಮನೆಯಲ್ಲೇ ಮತ್ತೆ ಎದ್ದಿದೆ. ನನ್ನ ತಮ್ಮನ ಮಗಳಿಗೆ ಬರುವ ಏಪ್ರಿಲ್ ತಿಂಗಳಿಂದ ಓಸಾಕಾದಲ್ಲಿ ಓದಲು ಪ್ರವೇಶ ದೊರೆತಿದೆ. ಹುಡುಗಿ ಹೊರಟು ನಿಂತಿದ್ದಾಳೆ, ಮನೆಯ ಹಿರಿಯರು ಅರ್ಧ ಮನಸ್ಸಿನಲ್ಲಿದ್ದಾರೆ. "ನೀ ಮೂರ್ ವರ್ಷ ಹೆಂಗ ನಡಿಸಿದಿ, ಅದನ್ನ ಬರದ್ ಕೊಡು, ಆಕಿ ಓದ್ಲಿ" ಎಂದರು ನಮ್ಮ ತಾಯಿ. ಆ ನೆಪದಲ್ಲಿ ಬರೆದದ್ದು ಇದು. ವಾಚಕ ಬಂಧುಗಳಲ್ಲಿ ಮತ್ತೆ ಯಾರ ಮನೆಯಲ್ಲಾದರೂ ಇಂಥ ಪ್ರಸಂಗ ಬಂದಿದ್ದರೆ ಅವರಿಗೂ ಉಪಯೋಗವಾದೀತು.

ನಮ್ಮೂರು ದೇವಣಿ. ಕರಿ ಬಿಳಿ ಮಚ್ಚೆಯ ದೇವಣಿ ದನಗಳಿಂದ ಹೆಸರಾದ ಊರು. 1956ಕ್ಕೆ ಮುಂಚೆ ಉದಗೀರ ತಾಲೂಕಿನೊಂದಿಗೆ ಬೀದರ ಜಿಲ್ಲೆಯಲ್ಲಿತ್ತು, ಈಗ ಲಾತೂರ ಜಿಲ್ಲೆಯಲ್ಲಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಎರಡೂ, ಜೊತೆಗೆ ದಖನಿ. ನಮ್ಮದು ಕಾಳುಕಡಿಯ ಅಡತಿ ಅಂಗಡಿ. ಉದಗೀರದ ಬೇಳೆ ಗಿರಣಿಗಳಿಗೆ ತೊಗರಿ, ಉದ್ದು ಕಳಿಸುವ ವ್ಯವಹಾರ. 1994ರ ಏಪ್ರಿಲ್‌ನಲ್ಲಿ ಜಪಾನ್ ಸರಕಾರದ ವಿದ್ಯಾರ್ಥಿವೇತನದ ಮೇಲೆ ನಾನು ಕ್ಯೋಟೋ ನಗರಕ್ಕೆ ಹೋದದ್ದು ಸೋಯಾಬೀನಿನ ಸಂಸ್ಕರಣೆ ಕಲಿಯಲು. ಆಗ ನಮ್ಮ ಕಡೆ ಸೋಯಾ ಹೊಸ ಪೈರು. ಇಂದು ಲಾತೂರ ಪೇಟೆಗೆ ಬರುವ ಮಾಲಿನಲ್ಲಿ ಅದರದ್ದೇ ದೊಡ್ಡ ಪಾಲು. ಆದರೂ ನಾವು ಅದನ್ನು ಎಣ್ಣೆಗೂ ಹಿಂಡಿಗೂ ಮಾರುತ್ತೇವೆಯೇ ಹೊರತು ಅದರ ಊಟದ ರುಚಿ ನಮಗೆ ಇನ್ನೂ ಹತ್ತಿಲ್ಲ. ಜಪಾನಿಯರು ಅದನ್ನೇ ತೋಫು ಮಾಡಿ, ಹಾಲಿನ ಕೆನೆಯಂತೆ ಯೂಬಾ ತೆಗೆದು, ಹುರಿದು ಹಿಟ್ಟು ಮಾಡಿ, ದಿನಕ್ಕೆ ಮೂರು ಹೊತ್ತು ತಿನ್ನುತ್ತಾರೆ.

ಹೊರಡುವಾಗ ನನ್ನ ನೇಮಗಳು ನಾಲ್ಕು. ಮಾಂಸ, ಮೊಟ್ಟೆ, ಮದ್ಯ, ಜೇನು ಇಲ್ಲ. ಕಂದಮೂಲ ಇಲ್ಲ. ಸೂರ್ಯಾಸ್ತದ ನಂತರ ಊಟವಿಲ್ಲ, ನೀರು ಮಾತ್ರ ನಡೆಯುತ್ತದೆ. ನೀರು ಸೋಸದೆ ಕುಡಿಯುವುದಿಲ್ಲ. ಊರಲ್ಲಿ ಇವು ನೇಮ ಎಂದೇ ಅನ್ನಿಸುವುದಿಲ್ಲ. ಸುತ್ತಲಿನವರೆಲ್ಲ ಹಾಗೆಯೇ ಇರುವಾಗ ಕಷ್ಟವೆಲ್ಲಿಯದು?

ಜಪಾನಿನ ಅಡಿಗೆಯ ಗುಟ್ಟು ಅಲ್ಲಿನ ಸಾರಿನಲ್ಲಿದೆ. ಅದಕ್ಕೆ 'ದಾಶಿ' ಎನ್ನುತ್ತಾರೆ. ಒಣಗಿಸಿ ಹೊಗೆ ಹಿಡಿಸಿದ ಮೀನನ್ನು ಬಡಗಿಯ ಉಜ್ಜುಗೊರಡಿನಿಂದ ಹೆರೆದಂತೆ ಹೆರೆದು, ಆ ಚೂರುಗಳನ್ನು ಬಿಸಿನೀರಿಗೆ ಹಾಕಿ ಸೋಸಿದ ರಸ. ನೋಡಲು ತಿಳಿಯಾಗಿರುತ್ತದೆ, ಮೀನಿನ ತುಣುಕು ಕಣ್ಣಿಗೆ ಬೀಳುವುದಿಲ್ಲ. ಪಲ್ಯಕ್ಕೆ ಅದೇ, ಶಾವಿಗೆಗೆ ಅದೇ, ಸೊಪ್ಪಿನ ಮೇಲೆ ಸುರಿಯುವ ರಸಕ್ಕೂ ಅದೇ. ಮಾಂಸಕ್ಕೆ ಅವರ ಶಬ್ದ 'ನಿಕು'. "ನಿಕು ಬೇಡ" ಎಂದರೆ ಅವರು ಸಂತೋಷದಿಂದ ಮೀನು ಬಡಿಸುತ್ತಾರೆ, ಏಕೆಂದರೆ ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. ಇದರಲ್ಲಿ ಅವರ ಕಪಟವೇನೂ ಇಲ್ಲ. ಮೀನನ್ನು 'ಜಲಪುಷ್ಪ' ಎಂದು ಕರೆದವರು ನಮ್ಮ ದೇಶದಲ್ಲೂ ಉಂಟಷ್ಟೆ.

ಈ ಗುಟ್ಟನ್ನು ನನಗೆ ಮೊದಲ ವಾರದಲ್ಲೇ ಹೇಳಿದವರು ಕೋಬೆ ನಗರದ ಒಬ್ಬ ಗುಜರಾತಿ ಶ್ರಾವಕರು. ಕ್ಯೋಟೋದಿಂದ ಕೋಬೆಗೆ ರೈಲಿನಲ್ಲಿ ಒಂದು ತಾಸಿನ ದಾರಿ. ಅಲ್ಲಿನ ಕಿತಾನೋ ಬಡಾವಣೆಯಲ್ಲಿ 1985ರಲ್ಲಿ ಕಟ್ಟಿದ ಬಿಳಿ ಅಮೃತಶಿಲೆಯ ಮಹಾವೀರ ಸ್ವಾಮಿ ಮಂದಿರವಿದೆ. ಕಟ್ಟಿಸಿದವರು ಅಲ್ಲಿ ನೆಲೆಸಿದ ಜೈನ ವ್ಯಾಪಾರಿಗಳು, ಬಹುಮಟ್ಟಿಗೆ ಮುತ್ತಿನ ವ್ಯಾಪಾರದವರು. (ಸಿಂಪಿಯ ಜೀವ ತೆಗೆದು ಪಡೆಯುವ ಮುತ್ತಿನ ವ್ಯಾಪಾರ ನಮಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ನನ್ನ ಮನಸ್ಸಿಗೂ ಬಂದಿತ್ತು. ಅವರ ಅನ್ನ ಉಂಡು ಆ ಚರ್ಚೆ ತೆಗೆಯುವುದು ನನಗೆ ಸರಿ ಕಾಣಲಿಲ್ಲ.) ಮಂದಿರ ಶ್ವೇತಾಂಬರರದ್ದು, ನಾನು ದಿಗಂಬರ. ಅವರ ಪರ್ಯುಷಣ ಮುಗಿಯುವಾಗ ನಮ್ಮ ದಶಲಕ್ಷಣ ಪರ್ವ ಆರಂಭ. ಮೊದಲ ವರ್ಷ ಅವರ ಎಂಟು ದಿನಗಳಲ್ಲೂ ನನ್ನ ಹತ್ತು ದಿನಗಳಲ್ಲೂ ಬಿಡುವು ಸಿಕ್ಕಾಗ ಹೋಗಿ ಕೂತು ಬಂದೆ. ಊರಲ್ಲಿದ್ದರೆ ಇಂಥದ್ದು ನಡೆಯುತ್ತಿತ್ತೋ ಇಲ್ಲವೋ. ಪರದೇಶದಲ್ಲಿ ಯಾರೂ ಯಾವ ಪಂಥವೆಂದು ಕೇಳಲಿಲ್ಲ.

ಆ ಹಿರಿಯರು ಕಲಿಸಿದ ಒಂದು ಶಬ್ದ ಮೂರು ವರ್ಷ ನನ್ನನ್ನು ಕಾಯಿತು: 'ಶೋಜಿನ್'. ಬೌದ್ಧ ಮಠಗಳ ಶಾಕಾಹಾರಕ್ಕೆ 'ಶೋಜಿನ್ ರ್ಯೋರಿ' ಎಂದು ಹೆಸರು. ಸಾಮಾನ್ಯ ಜನರಿಗೆ 'ಶಾಕಾಹಾರಿ' ಎಂಬುದರ ಇಂಗ್ಲಿಷ್ ಶಬ್ದ ಹೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. 'ಶೋಜಿನ್' ಎಂದ ಕೂಡಲೇ "ಓ, ಗುರುಗಳ ಊಟ!" ಎಂದು ಮುಖ ಅರಳುತ್ತಿತ್ತು. ಆಮೇಲೆ ಗ್ರಂಥಾಲಯದಲ್ಲಿ ನೋಡಿದಾಗ ತಿಳಿದದ್ದು, 'ಶೋಜಿನ್' ಎಂಬುದು ಬೌದ್ಧ ಗ್ರಂಥಗಳ 'ವೀರ್ಯ' ಶಬ್ದದ ಅನುವಾದ. ಅನಂತ ಚತುಷ್ಟಯದಲ್ಲಿ ನಾವು ಹೇಳುವ ಅದೇ ವೀರ್ಯ. ಸೊಪ್ಪು ಬೇಳೆ ತಿನ್ನುವುದನ್ನು ಒಂದು ಜನಾಂಗ 'ವೀರ್ಯದ ಊಟ' ಎಂದು ಕರೆದಿದೆಯೆಂಬುದು ಬೇಳೆ ವ್ಯಾಪಾರಿಯ ಮಗನಿಗೆ ಸಣ್ಣ ಸಂತೋಷವೇನಲ್ಲ.

ಆ ದೇಶ ಮಾಂಸಕ್ಕೆ ಹೊಸದೂ ಹೌದು. 675ನೇ ಇಸವಿಯಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿ ಇವನ್ನು ವರ್ಷದ ಕೆಲವು ತಿಂಗಳು ತಿನ್ನಬಾರದೆಂದು ಆಜ್ಞೆ ಹೊರಡಿಸಿದ. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದು ತೋರಿಸಿದ ಮೇಲೆಯೇ ಅದು ಮರ್ಯಾದಸ್ಥರ ಊಟವಾದದ್ದು. ಈಗ ಕೋಬೆ ಎಂದರೆ ಲೋಕವೆಲ್ಲ ದನದ ಮಾಂಸವನ್ನು ನೆನೆಯುತ್ತದೆ. ಅದೇ ಊರಿನಲ್ಲಿ ನಮ್ಮ ಮಂದಿರ!

ಮಠದ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಅಷ್ಟರಮಟ್ಟಿಗೆ ನಮ್ಮದೇ. ಆದರೆ ಮೂಲಂಗಿ, ಗಜ್ಜರಿ, ಕಮಲದ ಬೇರು, ಅಣಬೆ ಧಾರಾಳ. ಮೀನಿನ ಬದಲು ಸಾರಿಗೆ 'ಕೊಂಬು' ಹಾಕುತ್ತಾರೆ. ಗಾಬರಿಯಾಗಬೇಡಿ, ಕೊಂಬು ಎಂದರೆ ಅಲ್ಲಿ ಒಣಗಿಸಿದ ಸಮುದ್ರದ ಪಾಚಿ. ಅದು ಅನಂತಕಾಯವೇ ಅಲ್ಲವೇ ಎಂಬುದನ್ನು ಶಾಸ್ತ್ರ ಬಲ್ಲವರಿಗೆ ಬಿಡುತ್ತೇನೆ. ನಾನು ಅಷ್ಟಮಿ, ಚತುರ್ದಶಿಗಳಲ್ಲಿ ಅದನ್ನು ಬಿಡುತ್ತಿದ್ದೆ. ಹುದುಗಿಸಿದವೆಂದು ಮಿಸೋ, ಶೋಯು ಎರಡನ್ನೂ ದೂರವಿಟ್ಟೆ. ಉಳಿದದ್ದು ಅನ್ನ, ತೋಫು, ಎಳ್ಳು, ಪಾಲಕ್, ಎಲೆಕೋಸು, ಕುಂಬಳ, ಸೌತೆ, ಮತ್ತು ಕೆಂಪು ಅಜುಕಿ ಕಾಳು. ಆ ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಅರೆದು ಮಿಠಾಯಿಯ ಒಳಗೆ ತುಂಬುತ್ತಾರೆ. ಕಣ್ಣು ಮುಚ್ಚಿ ತಿಂದರೆ ಹೋಳಿಗೆಯ ಹೂರಣ. ವಸತಿಗೃಹದ ಅಡಿಗೆಮನೆ ಎಲ್ಲರಿಗೂ ಒಂದೇ ಆದ್ದರಿಂದ ಊರಿನಿಂದ ಒಯ್ದ ತವೆ, ಒಂದು ಪಾತ್ರೆ, ಒಂದು ಸೌಟು ನನ್ನ ಕೋಣೆಯಲ್ಲೇ ಇರುತ್ತಿದ್ದವು.

ಇನ್ನು ಮುಖ್ಯವಾದ ಮಾತು. ಅಲ್ಲಿ ಯಾರಾದರೂ ಬಡಿಸಿದ ಮೇಲೆ "ನನಗೆ ಬೇಡ" ಎನ್ನುವುದು ಮನೆಯವರಿಗೆ ಮಾಡಿದ ಅವಮಾನ. ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂಬುದು ಅವರ ಬದುಕಿನ ಮೊದಲ ಪಾಠ. ಹಾಗೆಂದು ತಿಳಿದ ನಮ್ಮ ದೇಶದ ಕೆಲವು ಹುಡುಗರು ಸಂಕೋಚಕ್ಕೆ ಬಿದ್ದು ಬಡಿಸಿದ್ದನ್ನು ತಿಂದುಬಿಡುತ್ತಿದ್ದರು. ಇನ್ನು ಕೆಲವರು ಯಾರ ಮನೆಗೂ ಹೋಗದೆ ಕೋಣೆಯಲ್ಲಿ ಒಬ್ಬರೇ ಬೇಯಿಸಿಕೊಂಡು ಮೂರು ವರ್ಷ ಕಳೆದರು. ಎರಡೂ ಬೇಕಿಲ್ಲ. ಒಂದು ವಾರ ಮುಂಚೆ ಹೇಳಿದರೆ ಅದು ತೊಂದರೆಯಲ್ಲ, ಮರ್ಯಾದೆ. ಒಂದು ಕುಟುಂಬ ನನ್ನನ್ನು ಊಟಕ್ಕೆ ಕರೆದಾಗ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಎಷ್ಟು ಗಂಟೆಯೊಳಗೆ ಎಂಬುದನ್ನೆಲ್ಲ ಜಪಾನಿ ಭಾಷೆಯಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಕಳಿಸಿದೆ. ಆ ಮನೆಯ ಯಜಮಾನಿತಿ ಮೂರು ಸಲ ಫೋನು ಮಾಡಿದರು. "ಕುಂಬಳಕಾಯಿ ನೆಲದ ಮೇಲಲ್ಲವೇ ಬೆಳೆಯುವುದು?" "ಶೇಂಗಾ ನೆಲದೊಳಗಲ್ಲವೇ?" ಎರಡನೆಯದಕ್ಕೆ ಉತ್ತರ ಹೇಳಲು ನನ್ನ ಜಪಾನಿ ಭಾಷೆಯೆಲ್ಲ ಖರ್ಚಾಯಿತು. ಅಷ್ಟು ನಿಷ್ಠೆಯಿಂದ ಮಾಡಿದ ಊಟವನ್ನು ಅವರು ನಡು ಮಧ್ಯಾಹ್ನಕ್ಕೆ ಬಡಿಸಿದರು. ಊಟಕ್ಕೆ ಮುಂಚೆ ಎಲ್ಲರೂ ಕೈ ಜೋಡಿಸಿ 'ಇತಾದಾಕಿಮಾಸು' ಎನ್ನುತ್ತಾರೆ, 'ವಿನಯದಿಂದ ಸ್ವೀಕರಿಸುತ್ತೇನೆ' ಎಂದರ್ಥ. ತಟ್ಟೆಯಲ್ಲಿ ಒಂದು ಅಗುಳು ಬಿಡುವುದಿಲ್ಲ. ಜೆನ್ ಮಠಗಳಲ್ಲಂತೂ ಬಟ್ಟಲಿಗೆ ಬಿಸಿನೀರೋ ಚಹಾವೋ ಹಾಕಿ ತೊಳೆದು ಕುಡಿಯುತ್ತಾರೆ. ನಮ್ಮ ಅಜ್ಜ ತಾಟು ತೊಳೆದು ಕುಡಿಯುವಾಗ ನಾವು ಹುಡುಗರು ನಗುತ್ತಿದ್ದೆವು.

ನಾಲ್ಕು ನೇಮಗಳಲ್ಲಿ ನಿಜಕ್ಕೂ ಕಠಿಣವಾದದ್ದು ಮೂರನೆಯದು. ದೇವಣಿಯಲ್ಲಿ ಚಳಿಗಾಲದಲ್ಲೂ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕ್ಯೋಟೋದಲ್ಲಿ ಜೂನ್‌ನಲ್ಲಿ ಏಳೂಕಾಲರವರೆಗೆ ಬೆಳಕಿದ್ದರೆ ಡಿಸೆಂಬರ್‌ನಲ್ಲಿ ಐದಕ್ಕೆ ಕಾಲು ಗಂಟೆ ಇರುವಾಗಲೇ ಅಸ್ತ. ಪ್ರಯೋಗಾಲಯ ಮುಗಿಯುವುದು ಏಳು, ಎಂಟು ಗಂಟೆಗೆ. ಅಲ್ಲಿ ಗುರುಗಳು ಎದ್ದು ಹೋಗುವವರೆಗೆ ಶಿಷ್ಯರು ಏಳುವುದಿಲ್ಲ. ನಾನು ಡಬ್ಬಿ ಒಯ್ದು ನಾಲ್ಕೂಕಾಲಿಗೆ ಮೂಲೆಯ ಮೇಜಿನಲ್ಲಿ ಉಣ್ಣತೊಡಗಿದೆ. ನವೆಂಬರ್‌ನಲ್ಲಿ ಸಾಪ್ತಾಹಿಕ ಚರ್ಚಾಕೂಟ ಸರಿಯಾಗಿ ನಾಲ್ಕಕ್ಕೇ ಬಂತು. ನಮ್ಮ ಪ್ರಾಧ್ಯಾಪಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಕತ್ತಲಾದ ಮೇಲೆ ಅಡಿಗೆಗೂ ದೀಪಕ್ಕೂ ಬರುವ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂದು ಈ ನೇಮ. ಅವರು ಮಾತಾಡಲಿಲ್ಲ. ಮರುವಾರ ಫಲಕದ ಮೇಲೆ ಚರ್ಚಾಕೂಟದ ವೇಳೆ ಎರಡೂವರೆ ಎಂದು ಬದಲಾಗಿತ್ತು. ಕಾರಣ ಬರೆದಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಆದರೆ ತಿಂಗಳಿಗೊಮ್ಮೆ ರಾತ್ರಿಯ ಮದ್ಯಗೋಷ್ಠಿ ತಪ್ಪುತ್ತಿರಲಿಲ್ಲ. ಅಲ್ಲಿಗೆ ಹೋಗದಿದ್ದರೆ ಗುಂಪಿಗೆ ಸೇರದವನೆಂದಾಗುತ್ತದೆ. ಹೋಗುತ್ತಿದ್ದೆ, ನೀರು ಕುಡಿದು ಹಾಡು ಕೇಳಿ ಬರುತ್ತಿದ್ದೆ. ಇನ್ನೊಂದು ತೊಡಕು. ಅಲ್ಲಿ ಯಾರೂ ತಮ್ಮ ಬಟ್ಟಲಿಗೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವನು ಸುರಿಯಬೇಕು. ಕಿರಿಯನು ಹಿರಿಯರಿಗೆ ಬಿಯರ್ ಸುರಿಯುವುದು ಗೌರವ. ಕೃತ, ಕಾರಿತ, ಅನುಮೋದಿತ ಮೂರನ್ನೂ ಬಾಲ್ಯದಿಂದ ಕೇಳಿದವನು ನಾನು. ಕುಡಿಯದೆ ಕುಡಿಸಿದರೆ ಎರಡನೆಯದರಲ್ಲಿ ಸಿಕ್ಕಿಬಿದ್ದಂತೆ. ಚಹಾದ ಹೂಜಿ ಹಿಡಿದುಕೊಂಡೆ. ಗೋಷ್ಠಿಯ ಕೊನೆಗೆ ಎಲ್ಲರೂ ಚಹಾ ಕುಡಿಯುತ್ತಾರೆ, ಆಗ ಸರದಿಯಂತೆ ಎಲ್ಲರಿಗೂ ನಾನೇ ಸುರಿಯುತ್ತಿದ್ದೆ. ಎರಡು ತಿಂಗಳಲ್ಲಿ ಅದು ನನ್ನ ಕೆಲಸವೆಂದು ಠರಾವಾಯಿತು. ಖರ್ಚನ್ನು ಮಾತ್ರ ತಲೆಗೆ ಸಮನಾಗಿ ಹಂಚುತ್ತಾರೆ. ಏನೂ ತಿನ್ನದ ನಾನೂ ಮೂರು ನಾಲ್ಕು ಸಾವಿರ ಯೆನ್ ಎಣಿಸಿ ಕೊಡುತ್ತಿದ್ದೆ. ಅಡತಿಯವರ ಮಗನಿಗೆ ಇದು ಉಪವಾಸಕ್ಕಿಂತ ಕಷ್ಟ.

ನೀರಿನ ನಳಕ್ಕೆ ಬಟ್ಟೆ ಕಟ್ಟಿದಾಗ ಮಾತ್ರ ವಸತಿಗೃಹದವರು ಶುದ್ಧ ನೀರನ್ನು ಏಕೆ ಸೋಸುತ್ತೀರೆಂದು ಕೇಳಿದರು. ನೀರು ನಮಗೆ ಶುದ್ಧವಾಗಲೆಂದಲ್ಲ, ಅದರಲ್ಲಿ ಜೀವವಿದ್ದರೆ ಅದು ಉಳಿಯಲೆಂದು ಎಂದೆ. ಅಲ್ಲಿದ್ದ ಮಠದ ಕುಟುಂಬದ ಹುಡುಗನೊಬ್ಬ ತಟ್ಟನೆ, ಭಿಕ್ಷುವಿನ ಬಳಿ ಇರಬೇಕಾದ ಆರು ವಸ್ತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು ಎಂದ. ಮೂರು ಚೀವರ, ಪಾತ್ರೆ, ಆಸನ, ಸೋಸುವ ಬಟ್ಟೆ. ಈಗ ಯಾರೂ ಸೋಸುವುದಿಲ್ಲ, ಹೆಸರು ಉಳಿದಿದೆ ಎಂದು ನಕ್ಕ.

ಭಾಷೆಯ ವಿಷಯ. ಇಂಗ್ಲಿಷಿಗೆ ಹೆದರುವ ನಮ್ಮ ಹುಡುಗರು ಜಪಾನಿ ಭಾಷೆಗೆ ಹೆದರಬೇಕಾಗಿಲ್ಲ. ಚಿತ್ರಲಿಪಿ ಕಷ್ಟವೇ ಸರಿ, ಆದರೆ ವಾಕ್ಯ ನಮ್ಮದರಂತೆಯೇ: ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ. ಅವರ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಸನ್ಯಾಸಿಗಳು ಸಂಸ್ಕೃತದ ಸಿದ್ಧಂ ಲಿಪಿ ಕಲಿತದ್ದರಿಂದ ಬಂದ ಅನುಕ್ರಮ ಅದು. ನಮ್ಮ 'ಚ' ಇರುವ ಜಾಗದಲ್ಲಿ ಅವರ 'ಸ', 'ಪ' ಇರುವ ಜಾಗದಲ್ಲಿ 'ಹ'. ಅವರ 'ಹ' ಹಿಂದೆ 'ಪ' ಆಗಿತ್ತಂತೆ. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆಗಲಿಲ್ಲವೇ? ಸ್ಮಶಾನಗಳಲ್ಲಿ ನೆಟ್ಟ ಮರದ ಪಟ್ಟಿಗಳ ಮೇಲೆ ಇಂದಿಗೂ ಆ ಸಿದ್ಧಂ ಅಕ್ಷರಗಳಿವೆ. ನಾರಾ ಪಟ್ಟಣದ ಮಹಾಬುದ್ಧನಿಗೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತದ ಸನ್ಯಾಸಿ.

ಆ ಭಾಷೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಶಬ್ದ 'ಸುಮಿಮಾಸೆನ್'. ಕ್ಷಮಿಸಿ ಎಂದರ್ಥ. ದಾರಿ ಕೇಳಲು ಅದೇ, ಕಾಲು ತಾಗಿದರೆ ಅದೇ, ಉಪಕಾರ ಪಡೆದರೂ ಅದೇ. ಶಬ್ದಾರ್ಥ ಹಿಡಿದರೆ 'ಮುಗಿದಿಲ್ಲ, ಚುಕ್ತಾ ಆಗಿಲ್ಲ' ಎಂದಾಗುತ್ತದೆ. ನಿಮ್ಮ ಋಣ ನನ್ನ ಲೆಕ್ಕದಲ್ಲಿ ಬಾಕಿ ಇದೆ ಎಂಬ ಭಾವ. ಖಾತೆಕಿರ್ದಿ ಬರೆಯುವ ನಮಗೆ ಇದು ತಕ್ಷಣ ತಿಳಿಯುತ್ತದೆ. ಕ್ಷಮಾವಾಣಿಯ ದಿನ ನಾವು ವರ್ಷದ ಬಾಕಿಯನ್ನು ಒಮ್ಮೆಗೇ ಕೇಳಿ ತೀರಿಸುತ್ತೇವೆ. ಅವರು ದಿನದಿನದ ಬಾಕಿಯನ್ನು ಅಲ್ಲಲ್ಲೇ ಒಪ್ಪಿಕೊಳ್ಳುತ್ತಾರೆ. ಆ ವರ್ಷ ನಾನು ಕ್ಷಮಾವಾಣಿಗೆ ಊರಿಗೆ ಹನ್ನೊಂದು ಪತ್ರ ಬರೆದು, ಪ್ರಯೋಗಾಲಯದ ಗೆಳೆಯರಿಗೂ ಒಬ್ಬೊಬ್ಬರಿಗೆ ಕೈಮುಗಿದು 'ಸುಮಿಮಾಸೆನ್' ಎಂದೆ. ಏನು ತಪ್ಪಾಯಿತೆಂದು ಅವರೇ ಗಾಬರಿಯಾದರು.

ಅಂಗಡಿಗಳ ಬಗ್ಗೆ ಎಷ್ಟು ಬರೆದರೂ ಮುಗಿಯದು. ಚಿಲ್ಲರೆಯನ್ನು ಕೈಗೆ ಕೊಡದೆ ಸಣ್ಣ ತಟ್ಟೆಯಲ್ಲಿಟ್ಟು ಗಿರಾಕಿಯ ಎದುರೇ ಎಣಿಸುತ್ತಾರೆ. ಚೌಕಾಸಿ ಇಲ್ಲ. ಬಾಗಿಲಿಗೆ ಅಂಗಡಿಯ ಹೆಸರಿನ ಬಟ್ಟೆಯ ಪರದೆ ಕಟ್ಟುತ್ತಾರೆ, ಅದಕ್ಕೆ 'ನೋರೆನ್' ಎಂದು ಹೆಸರು. ನಾವು ಪೇಟೆಯಲ್ಲಿ 'ಸಾಖ್' ಎನ್ನುವುದಕ್ಕೂ ಅವರ ಜಮಾಖರ್ಚಿನಲ್ಲಿ ಅದೇ ಶಬ್ದ. ಕ್ಯೋಟೋದ ಇಮಾಮಿಯಾ ದೇಗುಲದ ಪಕ್ಕ 1000ನೇ ಇಸವಿಯಿಂದ ನಡೆದುಬಂದ ಮಿಠಾಯಿ ಅಂಗಡಿಯಿದೆ. ಅಲ್ಲಿನ ಕಡುಬಿಗೆ ಮಿಸೋ ಹಚ್ಚುವುದರಿಂದ ನಾನು ತಿನ್ನಲಿಲ್ಲ, ಅಂಗಡಿಯ ಎದುರು ಅರ್ಧ ತಾಸು ನಿಂತು ಬಂದೆ. ಮಗ ಯೋಗ್ಯನಲ್ಲದಿದ್ದರೆ ಯೋಗ್ಯ ಅಳಿಯನನ್ನು ದತ್ತು ತೆಗೆದುಕೊಂಡು ಮನೆತನದ ಹೆಸರನ್ನೂ ಅಂಗಡಿಯನ್ನೂ ಒಪ್ಪಿಸುವುದು ಅಲ್ಲಿನ ವ್ಯಾಪಾರಿಗಳ ಹಳೆಯ ಪದ್ಧತಿ. ಇದನ್ನು ನಮ್ಮ ತಂದೆಗೆ ಪತ್ರದಲ್ಲಿ ಬರೆದಾಗ ಅವರು ಉತ್ತರದಲ್ಲಿ ಆ ವಿಷಯವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರೆದಿದ್ದರು.

ಮದುವೆಯ ಮುಯ್ಯಿ ಅಲ್ಲಿಯೂ ಉಂಟು. ಬಾಗಿಲಲ್ಲಿ ಒಬ್ಬರು ಕೂತು ಹೆಸರು ಬರೆದುಕೊಳ್ಳುತ್ತಾರೆ. ನಾವು 101, 501 ಎಂದು ಒಂದು ರೂಪಾಯಿ ಕೂಡಿಸುವಂತೆ ಅವರೂ ಎರಡು ಪಾಲಾಗದ ಬೆಸ ಸಂಖ್ಯೆಯ ನೋಟು ಇಡುತ್ತಾರೆ. ಮದುವೆಗೆ ಹೊಸ ಗರಿಗರಿ ನೋಟು, ಸಾವಿನ ಮನೆಗೆ ಬಳಸಿದ ನೋಟು. ಸಾವಿಗೆ ಹೊಸ ನೋಟು ಕೊಟ್ಟರೆ ಮೊದಲೇ ತಯಾರಾಗಿ ಕಾದಿದ್ದಂತೆ ಕಾಣುತ್ತದೆಂದು! ಡಿಸೆಂಬರ್ 8ರಂದು ಕ್ಯೋಟೋದ ಹೋರಿನ್‌ಜಿ ಮಠದಲ್ಲಿ ಮುರಿದ ಸೂಜಿಗಳಿಗೆ ಶಾಂತಿಪೂಜೆ ನಡೆಯುತ್ತದೆ. ವರ್ಷವಿಡೀ ಗಟ್ಟಿ ಬಟ್ಟೆ ಚುಚ್ಚಿ ದಣಿದ ಸೂಜಿಗಳಿಗೆ ಆ ದಿನ ಮೆತ್ತಗಿನದರಲ್ಲಿ ವಿಶ್ರಾಂತಿ ಎಂಬ ಭಾವದಿಂದ ನಿಧಾನವಾಗಿ ಚುಚ್ಚಿಡುತ್ತಾರೆ. ಜೀವವಿಲ್ಲದ ಸೂಜಿಗೆ ಇಷ್ಟು ಕರುಣೆ ತೋರಿಸಿ ಸಂಜೆ ಮನೆಗೆ ಹೋಗಿ ಮೀನು ತಿನ್ನುವುದನ್ನು ನಾನು ಕೊನೆಯವರೆಗೂ ಹೊಂದಿಸಿಕೊಳ್ಳಲಾರದೆ ಹೋದೆ. ರೇಶಿಮೆ ಉಡುವ ನಮ್ಮನ್ನು ನೋಡಿ ಅವರಿಗೂ ಹಾಗೆಯೇ ಅನ್ನಿಸಿದರೆ ಅಚ್ಚರಿಯಿಲ್ಲ.

1995ರ ಜನವರಿ 17, ಬೆಳಿಗ್ಗೆ 5 ಗಂಟೆ 46 ನಿಮಿಷ. ಹಾಸಿಗೆ ಅಲುಗಿದ ಕ್ಷಣವೇ ನನಗೆ ಅದು ಏನೆಂದು ತಿಳಿಯಿತು. ಹದಿನಾರು ತಿಂಗಳ ಹಿಂದೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕಿಲ್ಲಾರಿಯ ಭೂಕಂಪವನ್ನು ದೇವಣಿಯಲ್ಲಿ ಅನುಭವಿಸಿದ್ದೆ. ಹಿಂದಿನ ದಿನವೇ ಅನಂತ ಚತುರ್ದಶಿ. ದಶಲಕ್ಷಣದ ಉಪವಾಸ ಮುಗಿಸಿದವರು, ಗಣಪತಿ ಕಳಿಸಿ ಬಂದವರು, ಎಲ್ಲರೂ ದಣಿದು ಮಲಗಿದ್ದ ಹೊತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆಯ ಭಾರ, ಅವುಗಳ ಕೆಳಗೆ ಸುಮಾರು 10 ಸಾವಿರ ಜನ ಹೋದರು. ಕೋಬೆಯಲ್ಲಿಯೂ ಹಳೆಯ ಮರದ ಮನೆಗಳ ಮೇಲಿನ ಹೆಂಚಿನ ಭಾರವೇ ಬಹಳ ಜನರನ್ನು ಕೊಂದಿತು. ಅಲ್ಲಿ ಸತ್ತವರು 6,434. ಕ್ಯೋಟೋದಲ್ಲಿ ನಮಗೆ ಕಪಾಟಿನ ಪುಸ್ತಕ ಬಿದ್ದದ್ದಷ್ಟೆ.

ಫೆಬ್ರವರಿಯಲ್ಲಿ ಪ್ರಯೋಗಾಲಯದ ಗೆಳೆಯರೊಂದಿಗೆ ಸೇವೆಗೆ ಹೋದೆ. ರೈಲು ಹೋದಷ್ಟು ದೂರ ರೈಲು, ಮುಂದೆ ನಡಿಗೆ. ಆ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋಗಿ ದುಡಿದರು. ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ ನಿರಾಶ್ರಿತರಿದ್ದರು. ಮನೆ ಕಳೆದುಕೊಂಡವರು, ಆದರೂ ಚಾಪೆಯ ಅಂಚಿನಲ್ಲಿ ಚಪ್ಪಲಿಗಳನ್ನು ಮೂತಿ ಹೊರಗೆ ಮಾಡಿ ಸಾಲಾಗಿ ಇಟ್ಟಿದ್ದರು. ನೀರಿನ ಗಾಡಿಯ ಮುಂದೆ ಸರದಿ ತಪ್ಪಲಿಲ್ಲ. ಊಟದ ಹೊತ್ತಿಗೆ ಅನ್ನದ ಉಂಡೆ ಹಂಚಿದರು, ಒಳಗೆ ಮೀನು. ಬೇರೆ ಏನೂ ಇಲ್ಲವೆಂದು ತಿಳಿದಿತ್ತು. ನನ್ನ ಚೀಲದಲ್ಲಿ ಹುರಿಗಡಲೆ, ಶೇಂಗಾ ಇದ್ದವು, ಅದನ್ನೇ ತಿನ್ನುತ್ತಿದ್ದೆ. ಒಬ್ಬ ಮುದುಕಿ ನೋಡಿದಳು. ಗೆಳೆಯನನ್ನು ಕೇಳಿ ಕಾರಣ ತಿಳಿದುಕೊಂಡಳು. ಮರುದಿನ ಮಧ್ಯಾಹ್ನ ಎರಡು ಉಂಡೆ ತಂದು ಕೊಟ್ಟಳು, ಬರೀ ಅನ್ನ, ಬರೀ ಉಪ್ಪು. ಸೌದೆಯ ಒಲೆಯ ಮೇಲೆ ಅಕ್ಕಿ ಬೇಯಿಸುವಾಗ ಮೀನು ಸೇರಿಸುವ ಮೊದಲೇ ತೆಗೆದಿಟ್ಟದ್ದು. "ಸುಮಿಮಾಸೆನ್, ಇಷ್ಟೇ ಇದೆ" ಎಂದಳು. ನಾನು ಅವಳಿಗೆ ಹುರಿಗಡಲೆ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಚೀಪುತ್ತ ಕೂತಿದ್ದಳು.

ತಮ್ಮನ ಮಗಳಿಗೆ ಕೆಲವು ಉಪಯುಕ್ತ ಮಾತುಗಳು. 2001ರಿಂದ ಅಲ್ಲಿ ಡಬ್ಬಿಗಳ ಮೇಲೆ ಮೊಟ್ಟೆ, ಹಾಲು ಮುಂತಾದ ಒಗ್ಗದಿರುವ ಪದಾರ್ಥಗಳನ್ನು ಬರೆಯುವುದು ಕಡ್ಡಾಯ. ಆದರೆ ಮೀನಿನ ಸಾರು ಆ ಕಡ್ಡಾಯದ ಪಟ್ಟಿಯಲ್ಲಿಲ್ಲ, ಅದನ್ನು ಸಾಮಗ್ರಿಗಳ ಸಾಲಿನಲ್ಲೇ ಹುಡುಕಬೇಕು. ಮೀನು, ಮಾಂಸ, ಹಂದಿ, ಕೋಳಿ, ಮೊಟ್ಟೆ, ಈ ಐದು ಚಿತ್ರಾಕ್ಷರಗಳನ್ನು ವಿಮಾನ ಹತ್ತುವ ಮೊದಲೇ ಕಲಿತುಕೋ. ಹಣ್ಣಿನ ಮಿಠಾಯಿಯಲ್ಲಿ 'ಕಾಂಟೆನ್' ಎಂದಿದ್ದರೆ ಅದು ಸಮುದ್ರದ ಪಾಚಿಯದು, 'ಜೆರಾಚಿನ್' ಎಂದಿದ್ದರೆ ಪ್ರಾಣಿಯದು, ಮುಟ್ಟಬೇಡ. ವಿದ್ಯಾರ್ಥಿಗಳು ಪರವಾನಗಿ ಪಡೆದು ಪಾಠದ ದಿನಗಳಲ್ಲಿ ವಾರಕ್ಕೆ 28 ತಾಸು ಮಾತ್ರ ದುಡಿಯಬಹುದು. ಭೋಜನಶಾಲೆಯಲ್ಲಿ ಕೆಲಸ ಹಿಡಿಯಬೇಡ. ಕಾರ್ಡು ಬರೆಯುವುದನ್ನು ಮರೆಯಬೇಡ.

1997ರ ಮಾರ್ಚ್‌ನಲ್ಲಿ ನಾನು ಹೊರಡುವಾಗ ಪ್ರಯೋಗಾಲಯದವರು ಬೀಳ್ಕೊಡುಗೆ ಇಟ್ಟುಕೊಂಡರು. ಇಂಥವು ಯಾವಾಗಲೂ ರಾತ್ರಿಯೇ. ಅದನ್ನು ಮಾತ್ರ ಭಾನುವಾರ ಹಗಲು ಹನ್ನೆರಡಕ್ಕೆ ಇಟ್ಟು, ತೋಫು ಮಾಡುವ ಒಂದು ಹಳೆಯ ಮನೆಗೆ ಮೀನಿಲ್ಲದ ಊಟ ಹೇಳಿದ್ದರು. ಪ್ರಾಧ್ಯಾಪಕರು ಮಟಮಟ ಮಧ್ಯಾಹ್ನದಲ್ಲೂ ತಮ್ಮ ಬಿಯರ್ ಬಿಡಲಿಲ್ಲ. ಕೊನೆಗೆ ನಾನು ಚಹಾ ಸುರಿದೆ. ಖರ್ಚು ಹಂಚುವಾಗ ರೂಢಿಯಂತೆ ಚೀಲಕ್ಕೆ ಕೈ ಹಾಕಿದೆ. ಹೊರಟು ಹೋಗುವವನಿಂದ ದುಡ್ಡು ತೆಗೆದುಕೊಳ್ಳುವ ಪದ್ಧತಿ ಇಲ್ಲವೆಂದು ತಡೆದರು. ಮೂರು ವರ್ಷದಲ್ಲಿ ಹೊಟ್ಟೆ ತುಂಬ ಉಂಡ ಗೋಷ್ಠಿ ಅದೊಂದೇ, ಪಾಲು ಕೊಡದಿದ್ದ ಗೋಷ್ಠಿಯೂ ಅದೊಂದೇ.